ಕುರಿ ಒಂದು ಜಿಲ್ಲೆಯಲ್ಲಿ, ನೆರವು ಇನ್ನೊಂದು ಜಿಲ್ಲೆಯಲ್ಲಿ: ಜೋಡಿಸೋರು ಯಾರು?

ಹಟ್ಟಿ ಹುಡುಗ:
ಎಲ್ಲರಿಗೂ ನಮಸ್ಕಾರ. ಪೋಸ್ಟು ಉದ್ದ ಐತಿ, ಸ್ವಲ್ಪ ತಡಕೊಂಡು ಓದ್ರಿ.

ನಮ್ಮದು ರಾಯಬಾಗ ತಾಲ್ಲೂಕು. ನಾನು ಬೆಂಗಳೂರಲ್ಲಿ ನೌಕರಿ ಮಾಡ್ತೀನಿ, ಕಾಕಾ ಮತ್ತು ಅವರ ಮಕ್ಕಳು ಇನ್ನೂ ಕುರಿ ಹಿಂದೆಯೇ ಇದ್ದಾರೆ. ದೀಪಾವಳಿ ಮುಗಿಸಿ ಊರು ಬಿಟ್ಟರೆ ಖಾನಾಪುರ, ಹಳಿಯಾಳ, ಮುಂಡಗೋಡ ಕಡೆ ಭತ್ತ ಕೊಯ್ದ ಗದ್ದೆಗಳಲ್ಲಿ ಹಟ್ಟಿ ಹಾಕಿಕೊಂಡು ಹೋಗ್ತಾರೆ. ಮುಂಗಾರಿನ ಹೊತ್ತಿಗೆ ವಾಪಸ್. ವರ್ಷದ ಅರ್ಧಕ್ಕಿಂತ ಹೆಚ್ಚು ಕುರಿ ಊರಲ್ಲಿ ಇರೋದೇ ಇಲ್ಲ.

ಹೋದ ಸೀಜನ್ನಿನಲ್ಲಿ ದಾರಿಯಲ್ಲೇ ಬೇನೆ ಬಿದ್ದು ಸುಮಾರು ಕುರಿ ಸತ್ತವು. ಅಲ್ಲಿಯ ಪಶು ಆಸ್ಪತ್ರೆಗೆ ಹೋದರೆ "ನೀವು ನಮ್ಮ ತಾಲ್ಲೂಕಿನವರಲ್ಲ, ಪರಿಹಾರದ ಅರ್ಜಿ ನಿಮ್ಮ ಊರಲ್ಲೇ ಕೊಡಬೇಕು" ಅಂದ್ರು. ಊರಿಗೆ ಫೋನ್ ಮಾಡಿದ್ರೆ "ಸತ್ತ ಕುರಿ ಕಣ್ಣಿಂದ ನೋಡದೆ ಹೆಂಗ ಬರೀಲಿ?" ಅಂದ್ರು. ಇಬ್ಬರ ಮಾತೂ ಕಾಯ್ದೆ ಪ್ರಕಾರ ಸರಿಯೇ ಇರಬಹುದು. ಕಾಕಾನ ಕೈಗೆ ಮಾತ್ರ ಏನೂ ಬರಲಿಲ್ಲ.

ಆಮೇಲೆ ಕೂತು ನೋಡಿದೆ, ಕುರಿಗೆ ಅಂತ ದುಡ್ಡು ಎಲ್ಲೆಲ್ಲಿಂದ ಬರ್ತದೆ ಅಂತ. ಲಸಿಕೆ ಪಶುಸಂಗೋಪನೆ ಇಲಾಖೆಯದು. ಸಾಲ, ಸಬ್ಸಿಡಿ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮದ್ದು. ಉಣ್ಣೆ ಅಂದ್ರೆ ಕೇಂದ್ರದ ಜವಳಿ ಸಚಿವಾಲಯ, ಅದರ ಕೈಕೆಳಗಿನ ಉಣ್ಣೆ ಮಂಡಳಿ ಇರೋದು ಜೋಧಪುರದಲ್ಲಿ. ತೋಳ ಹಿಡಿದರೆ ಅರಣ್ಯ ಇಲಾಖೆ. ಗೋಮಾಳ ಕಂದಾಯದ್ದು. ಇವುಗಳ ಮೇಲೆ ಸ್ವಯಂಸೇವಾ ಸಂಸ್ಥೆಗಳ ಶಿಬಿರ, ಕಂಪನಿಗಳ ಸಿಎಸ್‌ಆರ್ ಬೇರೆ. ದುಡ್ಡು ಇಲ್ಲ ಅಂತ ಅಲ್ಲ. ಎಲ್ಲರೂ ಕೊಡೋದು ಊರಿನ ವಿಳಾಸಕ್ಕೆ, ಕುರಿ ಇರೋದು ದಾರಿಯಲ್ಲಿ.

2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷ ಅಂತ ಸಾರಿದೆ. ಆ ನೆಪದಲ್ಲಾದರೂ ಕೇಳ್ತೀನಿ: ಇಷ್ಟೆಲ್ಲ ನೆರವನ್ನ ಒಂದು ಕಡೆ ಜೋಡಿಸಿದ ಉದಾಹರಣೆ ಎಲ್ಲಾದ್ರೂ ಇದೆಯಾ? ಇಲ್ಲಿ ಅದು ಯಾರ ಕೆಲಸ?

ಒಗ್ಗರಣೆ:
ಯಾರ ಕೆಲಸವೂ ಅಲ್ಲ. ಮುಂದಿನ ಪ್ರಶ್ನೆ?

ಶಿರಾ ಸೀಮೆ:
ನಮ್ ಕಡೆನೂ ಇದೇ ಕತೆ ಕಣಣ್ಣ. ನಮ್ಮೋರು ಭದ್ರಾ ಅಚ್ಚುಕಟ್ಟು, ದಾವಣಗೆರೆ, ಹೊನ್ನಾಳಿ ಕಡೆ ಹೋಗ್ತಾರೆ. ರೇಷನ್ ಕಾರ್ಡು ಊರಲ್ಲಿ, ಮಕ್ಕಳ ಸ್ಕೂಲು ಊರಲ್ಲಿ, ಕುರಿ ಮಾತ್ರ ಮೂರು ಜಿಲ್ಲೆ ಆಚೆ. ಒಂದ್ ಮಾತು ಸೇರಿಸ್ತೀನಿ, ಸಬ್ಸಿಡಿ ಕೊಡೋ ಸ್ಕೀಮು ಎಲ್ಲ ಶೆಡ್ಡು ಕಟ್ಟೋರಿಗೆ ಮಾಡಿರೋದು. ಕೇಂದ್ರದ ಜಾನುವಾರು ಮಿಷನ್ ನೋಡಿ, 2021ರಲ್ಲಿ ಬದಲಾಯಿಸಿದ ಮೇಲೆ 100 ಕುರಿ 5 ಟಗರಿನಿಂದ 500 ಕುರಿ 25 ಟಗರಿನವರೆಗೆ ಘಟಕ. ಅರ್ಧ ಸಬ್ಸಿಡಿ, 50 ಲಕ್ಷದವರೆಗೆ. ಆದ್ರೆ ಜಮೀನು ತೋರಿಸ್ಬೇಕು, ಬ್ಯಾಂಕು ಒಪ್ಪಬೇಕು. ಐನೂರು ಕುರಿ ಇಟ್ಕೊಂಡು ಜಮೀನೇ ಇಲ್ದೆ ತಿರುಗೋನು ಅದಕ್ಕೆ ಎಲ್ಲಿ ಲೆಕ್ಕ? ಕುರಿ ಅಂದ್ರೆ ಏನು ಅಂತ ಗೊತ್ತಿಲ್ದಿರೋ ಸಾಫ್ಟ್‌ವೇರ್ ಹುಡುಗ ತಗೋತಾನೆ. (ಹಟ್ಟಿ ಹುಡುಗ, ನಿಮಗಲ್ಲ ಹೇಳಿದ್ದು!)

ಹಟ್ಟಿ ಹುಡುಗ:
ನಾನು ಸಾಫ್ಟ್‌ವೇರ್ ಅಲ್ರಿ, ಅಕೌಂಟ್ಸ್. ಅದಕ್ಕೇ ಲೆಕ್ಕ ಹುಡುಕ್ತಾ ಕೂತೀನಿ.

ಮಂಡ್ಯ ಟಗರು:
ಶೆಡ್ಡಿನೋರನ್ನ ಯಾಕೆ ಬೈತೀರಾ? ನಾವೂ ಕುರಿ ಸಾಕೋರೇ. ಬಂಡೂರು ಕುರಿ ಅಲೆದಾಡೋ ಜಾತಿನೇ ಅಲ್ಲ, ಮನೆ ಮುಂದೆ ಹತ್ತಿಪ್ಪತ್ತು ಕಟ್ಕೊಂಡು ಮೇಯಿಸೋದು. ಅಲೆಮಾರಿಗೊಂದು ಸ್ಕೀಮು, ನಮಗೊಂದು ಇರ್ಲಿ. ಒಂದೇ ಬಾವಿಗೆ ಎಲ್ಲರೂ ಹಗ್ಗ ಬಿಟ್ರೆ ಜಗಳ ಗ್ಯಾರಂಟಿ.

ನಿವೃತ್ತ ಪಶುವೈದ್ಯ:
ಇಲಾಖೆಯಲ್ಲಿ ಇದ್ದವನಾಗಿ ಒಂದೆರಡು ಮಾತು. ಮೊದಲು ಅನುಗ್ರಹ ಯೋಜನೆ. ಆರು ತಿಂಗಳು ದಾಟಿದ ಕುರಿ, ಮೇಕೆ ಸತ್ತರೆ 5,000 ರೂಪಾಯಿ ಇತ್ತು, 2025ರ ಬಜೆಟ್ಟಿನಲ್ಲಿ ಅದನ್ನು 7,500ಕ್ಕೆ ಏರಿಸಿದರು. ಒಳ್ಳೆಯದೇ. ಆದರೆ ಒಂದೊಂದು ಸಾವಿಗೂ ವೈದ್ಯ ಹೋಗಿ ನೋಡಬೇಕು, ಮರಣೋತ್ತರ ಪರೀಕ್ಷೆ ಮಾಡಿ ಬರೆಯಬೇಕು. ಊರಲ್ಲಿ ಇರುವ ಹಸುವಿಗೆ ಅದು ನಡೆಯುತ್ತದೆ. ಕುರಿ ಹಿಂಡು ಬೆಳಗ್ಗೆ ಎದ್ದು ಹೊರಟುಬಿಡುತ್ತದೆ, ಸತ್ತದ್ದನ್ನು ನಾಯಿ ಎಳೆಯುತ್ತದೆ. ನಾನು ಬೈಕಿನಲ್ಲಿ ಹೋಗಿ ಹುಡುಕಿದರೆ ಹಟ್ಟಿ ಹಾಕಿದ ಜಾಗದಲ್ಲಿ ಹಿಕ್ಕೆ ಮಾತ್ರ.

ಎರಡನೆಯದು ಲಸಿಕೆ. ಇಲ್ಲಿ ಸಮನ್ವಯ ಅಂದರೆ ಸಭೆ ಅಲ್ಲ, ಹೊತ್ತು. ಪಿಪಿಆರ್ ಅಂದರೆ ಕುರಿ, ಮೇಕೆಗೆ ಹರಡುವ ಮಾರಕ ರೋಗ; ಅದರ ಲಸಿಕೆ ಒಣಪುಡಿಯಾಗಿ ಬರುತ್ತದೆ, ಸದಾ ತಂಪಿನಲ್ಲಿ ಇರಬೇಕು. ದ್ರಾವಣ ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಚುಚ್ಚಿ ಮುಗಿಸಬೇಕು. ಅಂದರೆ ಸೂರ್ಯ ಹುಟ್ಟುವ ಮುಂಚೆ, ಹಿಂಡಿನ ಸುತ್ತ ಕಟ್ಟಿದ ಬಲೆ ಬಿಚ್ಚುವ ಮೊದಲು ನಾನು ಐಸ್ ಡಬ್ಬಿ ಹಿಡಿದು ಹಟ್ಟಿಯಲ್ಲಿ ಇರಬೇಕು. ಒಬ್ಬ ಕುರಿ ಹಿಡಿಯಬೇಕು, ಒಬ್ಬ ಕತ್ತಿನ ಹತ್ತಿರ ಉಣ್ಣೆ ಸರಿಸಬೇಕು, ನಾನು ಚರ್ಮದ ಕೆಳಗೆ ಒಂದು ಎಂಎಲ್ ಕೊಡಬೇಕು, ಇನ್ನೊಬ್ಬ ಕೊಟ್ಟ ಕುರಿಗೆ ಬಣ್ಣ ಬಳಿಯಬೇಕು. ಬಣ್ಣ ಹಚ್ಚುವವನು ನಿದ್ದೆಗಣ್ಣಲ್ಲಿದ್ದರೆ ಅದೇ ಕುರಿಗೆ ಎರಡು ಸಲ, ಪಕ್ಕದ್ದಕ್ಕೆ ಸೊನ್ನೆ. ಒಂಬತ್ತಕ್ಕೆ ಬಾಗಿಲು ತೆರೆಯುವ ಆಸ್ಪತ್ರೆಯಿಂದ ಇದು ಆಗುವುದಿಲ್ಲ.

ಪಿಪಿಆರ್ ಒಮ್ಮೆ ಸರಿಯಾಗಿ ಹಾಕಿದರೆ ಕೆಲವು ವರ್ಷ ಕಾಯುತ್ತದೆ. 2030ರೊಳಗೆ ಜಗತ್ತಿನಿಂದಲೇ ಅದನ್ನು ಅಳಿಸುವ ಗುರಿ ಇದೆ. ನಮ್ಮಲ್ಲಿ ಹೆಬ್ಬಾಳದ ಸಂಸ್ಥೆಯಲ್ಲೇ ಲಸಿಕೆ ತಯಾರಾಗುತ್ತದೆ. ಕೊರತೆ ಲಸಿಕೆಯದ್ದಲ್ಲ, ಕುರಿ ಯಾವತ್ತು ಎಲ್ಲಿ ಇರುತ್ತದೆ ಎಂಬ ಸುದ್ದಿಯದ್ದು.

ಕೃಷ್ಣಾ ತೀರ:
ಡಾಕ್ಟರ್ ಹೇಳಿದ್ದು ಖರೆ. ನಮ್ಮ ಬಾಗಲಕೋಟಿ ಕಡೆ ಅಪ್ಪಾರು ಕುರಿ ಬಿಟಗೊಂಡ ಹೋಗುವಾಗ ಯಾವ ಊರು, ಯಾವ ಹೊಲ ಅಂತ ಮೊದಲ ಮಾತಾಡಕೊಂಡಿರ್ತಾರ. ಗೊಬ್ಬರಕ್ಕಂತ ಯಾವ ಗೌಡರ ಹೊಲದಾಗ ಎಷ್ಟ ರಾತ್ರಿ ಕುರಿ ನಿಲ್ಲಸೋದು, ಅದಕ್ಕ ಅವರು ಕೊಡೋ ಜ್ವಾಳ ಎಷ್ಟ ರೊಕ್ಕ ಎಷ್ಟ, ಎಲ್ಲಾ ಬಾಯಾಗ. ಸುದ್ದಿ ಐತ್ರಿ, ಕೇಳವ್ರ ಇಲ್ಲ. ಇಲಾಖೆದವ್ರ ಒಂದ ಸಲ ಹಟ್ಟಿಗೆ ಬಂದು "ಮುಂದಿನ ಅಮಾಸಿಗೆ ಎಲ್ಲಿರ್ತೀರಿ?" ಅಂದ್ರ ಸಾಕು.

ಇನ್ನೊಂದು, ಹೆಣ್ಮಕ್ಕಳ ಬಗ್ಗೆ ಯಾರೂ ಬರೀಲಿಲ್ಲ. ಕುರಿ ಜೋಡಿ ಹೋದ ಅವ್ವಂದ್ರು ಮರಿ ನೋಡ್ಕೊಳ್ಳೋದು, ನೀರು ತರೋದು, ರೊಟ್ಟಿ ಬಡಿಯೋದು, ಕುದರಿ ಮ್ಯಾಲ ಸಾಮಾನ ಹೇರೋದು. ತಾಯಿ ಸತ್ತ ಮರಿಗೆ ಬ್ಯಾರೆ ಕುರಿ ಮಲಿ ಹಿಡಿಸೋದೂ ಅವರ. ಯೋಜನಾ ಫಾರ್ಮಿನ್ಯಾಗ ಫಲಾನುಭವಿ ಅಂತ ಗಂಡಸರ ಹೆಸರ.

ಲೆಕ್ಕಪತ್ರ:
ನೆರವು ಅಂದರೆ ಕುರಿ ಹಂಚೋದು ಅಂತ ಅಂದುಕೊಳ್ಳೋರಿಗೆ ತೆಲಂಗಾಣ ಓದೋಕೆ ಹೇಳ್ತೀನಿ. 2017ರಲ್ಲಿ ಶುರು: 20 ಕುರಿ, 1 ಟಗರು, ಘಟಕಕ್ಕೆ 1.25 ಲಕ್ಷ, ಅದರಲ್ಲಿ 75% ಸಬ್ಸಿಡಿ. ಕುರಿ ಕೊಂಡದ್ದು ಆಂಧ್ರ, ಕರ್ನಾಟಕ, ಮಹಾರಾಷ್ಟ್ರದಲ್ಲಿ. ಕೊಟ್ಟ ಕುರಿ ವಾಪಸ್ ಮಾರಾಟವಾಗಿ ಮತ್ತೊಬ್ಬ ಫಲಾನುಭವಿಯ ಹೆಸರಲ್ಲಿ ಬರೋದು ಮಾಮೂಲಾಯ್ತು. ಸಿಎಜಿ ಪರಿಶೀಲಿಸಿದಾಗ ಕುರಿ ಸಾಗಿಸಿದ ಲಾರಿ ಅಂತ ಕೊಟ್ಟ ನಂಬರುಗಳಲ್ಲಿ ಕೆಲವು ಬೈಕು, ಆಂಬುಲೆನ್ಸ್‌ನವು. ಆಮೇಲೆ ಎಸಿಬಿ, ಇ.ಡಿ ತನಿಖೆ ಎಲ್ಲ ಬಂತು.

ಒಗ್ಗರಣೆ:
ಆಂಬುಲೆನ್ಸಲ್ಲಿ ಹೋದ ಕುರಿಗೆ ಹುಷಾರಿರಲಿಲ್ಲ ಅನ್ಸುತ್ತೆ, ಪಾಪ.

ಶಿರಾ ಸೀಮೆ:
ಲೆಕ್ಕಪತ್ರ ಅವರೇ, ಪೂರ್ತಿ ಹೇಳಿ. 2019ರ ಜಾನುವಾರು ಗಣತೀಲಿ ತೆಲಂಗಾಣ 1.9 ಕೋಟಿ ಕುರಿ ತೋರಿಸಿ ದೇಶಕ್ಕೇ ಮೊದಲು ಬಂತು. ಆಂಧ್ರ ಎರಡನೇದು, ನಮ್ಮದು 1.1 ಕೋಟಿ, ಮೂರನೇ ಜಾಗ. ಸ್ಕೀಮು ಏನೂ ಮಾಡ್ಲಿಲ್ಲ ಅಂತ ಹೆಂಗಂತೀರಾ?

ಲೆಕ್ಕಪತ್ರ:
ತಲೆ ಹೆಚ್ಚಾದರೆ ಅಭಿವೃದ್ಧಿನಾ? ಮೇವು ಎಷ್ಟು ಹೆಚ್ಚಾಯ್ತು, ಗೋಮಾಳ ಎಷ್ಟು ಉಳೀತು? ನಮ್ಮಲ್ಲೂ ಅದೇ ಅಚ್ಚಿನಲ್ಲಿ ಅಮೃತ ಸ್ವಾಭಿಮಾನಿ ಕುರಿಗಾಹಿ ಯೋಜನೆ ಬಂತು. 20 ಕುರಿ ಜೊತೆಗೆ 1 ಟಗರು, ಘಟಕ 1.75 ಲಕ್ಷ, ಅರ್ಧ ರಾಷ್ಟ್ರೀಯ ಸಹಕಾರ ಅಭಿವೃದ್ಧಿ ನಿಗಮದ (ಎನ್‌ಸಿಡಿಸಿ) ಸಾಲ, ಕಾಲು ಭಾಗ ಸರ್ಕಾರದ್ದು, ಕಾಲು ಭಾಗ ಕುರಿಗಾಹಿಯದ್ದು. ಸಾಲ ಇರೋದರಿಂದ ತೆಲಂಗಾಣದಷ್ಟು ಸಡಿಲ ಅಲ್ಲ, ಒಪ್ಪುತ್ತೀನಿ. ಆದ್ರೂ ಎಲ್ಲ ಸರ್ಕಾರಕ್ಕೂ ಕುರಿ ಕೊಡೋದೇ ಇಷ್ಟ, ಫೋಟೋ ಚೆನ್ನಾಗಿ ಬರುತ್ತೆ. ದಾರಿಯಲ್ಲಿ ನೀರಿನ ತೊಟ್ಟಿ ಕಟ್ಟಿದ್ರೆ ಫೋಟೋದಲ್ಲಿ ಮಂತ್ರಿ ಎಲ್ಲಿ ನಿಲ್ಲಬೇಕು?

ದೂರದೂರ:
ಹಟ್ಟಿ ಹುಡುಗ ಕೇಳಿದ್ದು "ಎಲ್ಲಾದ್ರೂ ಜೋಡಿಸಿದ್ದಾರಾ" ಅಂತ. ನಾನು ಕೆಲವು ವರ್ಷ ಮಂಗೋಲಿಯಾದಲ್ಲಿ ನೆರವಿನ ಯೋಜನೆಯೊಂದರಲ್ಲಿ ಕೆಲಸ ಮಾಡಿದವನು. 2026ರ ವರ್ಷಾಚರಣೆಯ ಪ್ರಸ್ತಾಪ ಮುಂದಿಟ್ಟದ್ದೂ ಆ ದೇಶವೇ. ಅಲ್ಲಿಂದ ಕಲಿಯೋದಿದೆ, ಮುಖ್ಯವಾಗಿ ಏನು ಮಾಡಬಾರದು ಅಂತ.

1990ರವರೆಗೆ ಅಲ್ಲಿ ಎಲ್ಲ ನೆಗ್ದೆಲ್ ಅನ್ನೋ ಸಾಮೂಹಿಕ ಸಂಘಗಳ ಕೈಯಲ್ಲಿತ್ತು. ಚಳಿಗಾಲಕ್ಕೆ ಹುಲ್ಲು ಕೂಡಿಡೋದು, ಪಶುವೈದ್ಯ, ಸಾಗಾಟ, ಮಾರಾಟ ಎಲ್ಲ ಅವರದೇ. 90ರ ದಶಕದ ಶುರುವಿನಲ್ಲಿ ಜಾನುವಾರು ಖಾಸಗಿಯವರಿಗೆ ಹಂಚಿದರು, ಸಂಘ ಮುರಿದುಬಿತ್ತು. ಪೇಟೆಯಲ್ಲಿ ಕೆಲಸ ಕಳೆದುಕೊಂಡವರೂ ಕುರಿ ಕಾಯೋಕೆ ಬಂದರು. ಮೇಕೆಯಿಂದ ಬರೋ ಕ್ಯಾಶ್ಮೀರ್ ಉಣ್ಣೆಗೆ ಬೆಲೆ ಇದ್ದದ್ದರಿಂದ ಮೇಕೆಗಳ ಸಂಖ್ಯೆ ಏರಿತು. ಆಮೇಲೆ 1999ರಿಂದ 2002ರವರೆಗೆ ಸಾಲಾಗಿ ಮೂರು ಚಳಿಗಾಲ ಝುದ್ ಬಿತ್ತು. ಬೇಸಿಗೆಯಲ್ಲಿ ಬರ, ಚಳಿಯಲ್ಲಿ ಹಿಮ ಗಟ್ಟಿಯಾಗಿ ಹುಲ್ಲು ಸಿಗದೆ ಪ್ರಾಣಿ ಸಾಯೋದಕ್ಕೆ ಅವರು ಝುದ್ ಅಂತಾರೆ. 2009–10ರ ಝುದ್ ಒಂದರಲ್ಲೇ 80 ಲಕ್ಷಕ್ಕಿಂತ ಹೆಚ್ಚು ಜಾನುವಾರು ಹೋದವು, ದೇಶದ ಐದರಲ್ಲೊಂದು ಪಾಲು. 2023–24ರಲ್ಲಿ ಮತ್ತೆ 70 ಲಕ್ಷ ದಾಟಿತು.

ಹೀಗಾದಾಗ ನೆರವು ಕೊಡೋರು ಓಡಿ ಬಂದರು. ವಿಶ್ವಬ್ಯಾಂಕು ಒಂದು ರೀತಿ ಗುಂಪು ಕಟ್ಟಿತು, ಸ್ವಿಸ್ ನೆರವಿನ ಗ್ರೀನ್ ಗೋಲ್ಡ್ ಯೋಜನೆ 2004ರಿಂದ ಹುಲ್ಲುಗಾವಲು ಬಳಕೆದಾರರ ಗುಂಪು ಅಂತ ಬೇರೆ ಕಟ್ಟಿತು, ಅಮೆರಿಕದವರು ಪೇಟೆಗಳ ಹತ್ತಿರದ ಹುಲ್ಲುಗಾವಲಿಗೆ ಗುತ್ತಿಗೆ ಅಂತ ಇನ್ನೊಂದು. ಒಬ್ಬನೇ ಕುರಿಗಾಹಿ ಒಬ್ಬೊಬ್ಬರ ರಿಜಿಸ್ಟರಿನಲ್ಲಿ ಒಂದೊಂದು ಗುಂಪಿನ ಸದಸ್ಯ. ಸಭೆಗೆ ಹೋಗಿ ಹೋಗಿ ಸಾಕಾಗಿ "ನೀವು ಮೊದಲು ನಿಮ್ಮ ನಿಮ್ಮಲ್ಲಿ ಒಂದು ಸಭೆ ಮಾಡಿಕೊಳ್ಳಿ" ಅಂತ ನನಗೇ ಒಬ್ಬ ಮುದುಕ ಹೇಳಿದ್ದ.

ಆದ್ರೆ ಒಂದು ಕೆಲಸ ಚೆನ್ನಾಗಿತ್ತು. 2006ರಲ್ಲಿ ಮೂರು ಪ್ರಾಂತ್ಯಗಳಲ್ಲಿ ಶುರುಮಾಡಿದ ಸೂಚ್ಯಂಕ ವಿಮೆ. ಡಾಕ್ಟರ್ ಹೇಳಿದ ಮರಣೋತ್ತರ ಪರೀಕ್ಷೆಯ ತಾಪತ್ರಯ ಅಲ್ಲಿಲ್ಲ. ನಿಮ್ಮ ತಾಲ್ಲೂಕಿನಂಥ ಒಂದು ಪ್ರದೇಶದಲ್ಲಿ ಒಟ್ಟು ಸಾವಿನ ಪ್ರಮಾಣ ನಿಗದಿ ಮಾಡಿದ ಗೆರೆ ದಾಟಿದರೆ, ವಿಮೆ ಮಾಡಿದ ಎಲ್ಲರಿಗೂ ದುಡ್ಡು. ಸತ್ತ ಕುರಿ ತೋರಿಸಬೇಕಿಲ್ಲ. ಕೆನ್ಯಾದ ಮಾರ್ಸಾಬಿಟ್‌ನಲ್ಲಿ 2010ರಿಂದ ಇನ್ನೊಂದು ಹೆಜ್ಜೆ ಮುಂದೆ: ಉಪಗ್ರಹದಿಂದ ಹುಲ್ಲಿನ ಹಸಿರು ಅಳೆದು ದುಡ್ಡು ಕೊಡೋದು.

ಲೆಕ್ಕಪತ್ರ:
ಕೇಳೋಕೆ ಚಂದ. ನನ್ನ ಹತ್ತು ಕುರಿ ಸತ್ತು ತಾಲ್ಲೂಕಿನಲ್ಲಿ ಉಳಿದವರದ್ದು ಚೆನ್ನಾಗಿದ್ದರೆ ನನಗೆ ಸೊನ್ನೆ. ಅದಕ್ಕೇನಂತೀರಿ? ಬೆಳೆ ವಿಮೆಯಲ್ಲಿ ನಮ್ಮ ರೈತರು ಇದನ್ನೇ ಅನುಭವಿಸ್ತಿದ್ದಾರೆ. ಮಳೆಮಾಪಕ ಇರೋ ಊರಲ್ಲಿ ಮಳೆ, ಪಕ್ಕದೂರಲ್ಲಿ ಬರ.

ದೂರದೂರ:
ಆ ದೂರು ಅಲ್ಲೂ ಇದೆ, ಅದಕ್ಕೆ ಪೂರ್ತಿ ಉತ್ತರ ಯಾರ ಹತ್ರಾನೂ ಇಲ್ಲ. ಬಿಡಿ ಸಾವಿಗೆ ಅನುಗ್ರಹದಂಥದ್ದು, ಸಾಮೂಹಿಕ ಆಪತ್ತಿಗೆ ಸೂಚ್ಯಂಕ, ಎರಡೂ ಇರಲಿ ಅಂತ ನನ್ನ ವಾದ. ರೋಗಕ್ಕೆ ಸೂಚ್ಯಂಕ ನಡೆಯಲ್ಲ, ಬರಕ್ಕೆ ಪಂಚನಾಮೆ ನಡೆಯಲ್ಲ.

ಕೃಷ್ಣಾ ತೀರ:
ಅಲ್ರಿ ಸರ, ನಮ್ಮ ಕುರಿ ಮೂರು ಜಿಲ್ಲಾ ತಿರುಗತಾವ. ಯಾವ ತಾಲ್ಲೂಕಿನ ಹಸಿರು ಅಳೀತೀರಿ?

ದೂರದೂರ:
ಇದಕ್ಕೆ ಮಾತ್ರ ನನ್ನ ಹತ್ರ ಉತ್ತರ ಇಲ್ಲ ಅಕ್ಕಾ. ಇದೇ ಅಸಲಿ ಪ್ರಶ್ನೆ.

ಕಾಡುಪಾಪ:
ಅರಣ್ಯದ ಕಡೆಯ ಮಾತೂ ಇರಲಿ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ತಾಯಿಹುಲಿ ಮತ್ತು ನಾಲ್ಕು ಮರಿ ವಿಷಕ್ಕೆ ಸತ್ತವು. ಅದರ ಬೆನ್ನಿಗೆ ಕಾಡಿನಲ್ಲಿ ದನ, ಕುರಿ, ಮೇಕೆ ಮೇಯಿಸೋದನ್ನು ನಿಲ್ಲಿಸಬೇಕು ಅಂತ ಅರಣ್ಯ ಸಚಿವರು ಸೂಚನೆ ಕೊಟ್ಟರು. ಕಾಡು ಪ್ರಾಣಿಗೆ ನಾಡಿನ ರೋಗ ದಾಟೋದೂ ಇದೆ. ನೀವು ಕುರಿ ಹೆಚ್ಚು ಮಾಡೋಕೆ ಸಬ್ಸಿಡಿ ಕೇಳ್ತೀರಿ, ಅವು ಮೇಯೋದೆಲ್ಲಿ?

ಶಿರಾ ಸೀಮೆ:
ಹುಲಿಗೆ ವಿಷ ಹಾಕಿದ್ದು ನಮ್ಮ ಕುರಿಯಾ? ಎಲ್ಲಿಯ ಮಾದಪ್ಪನ ಬೆಟ್ಟ, ಎಲ್ಲಿಯ ಶಿರಾ!

ನಿವೃತ್ತ ಪಶುವೈದ್ಯ:
ಕಾಡುಪಾಪ ಅವರ ಪ್ರಶ್ನೆ ನ್ಯಾಯವಾದದ್ದು, ಉತ್ತರ ಬೇರೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲೇ ಮೇಯಿಸುವ ಹಕ್ಕು, ಅಲೆಮಾರಿ ಪಶುಪಾಲಕರ ಋತುಮಾನದ ಬಳಕೆ, ಎರಡೂ ಇವೆ. ಆದರೆ ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷದ ದಾಖಲೆ ತೋರಿಸಬೇಕು. ಒಂದು ಕಡೆ ನಿಲ್ಲದವನು ಎಲ್ಲಿಯ ದಾಖಲೆ ತರಬೇಕು? ಒಂದು ಇಲಾಖೆ ಕುರಿ ಕೊಟ್ಟು, ಇನ್ನೊಂದು ಇಲಾಖೆ ಅದೇ ಕುರಿಗೆ ದಂಡ ಹಾಕುವುದನ್ನು ನಾನೇ ನೋಡಿದ್ದೇನೆ.

ಹಾಂ, 2025ರ ಆಗಸ್ಟ್‌ನಲ್ಲಿ ಸಾಂಪ್ರದಾಯಿಕ ವಲಸೆ ಕುರಿಗಾಹಿಗಳ ಕಲ್ಯಾಣ ಮತ್ತು ದೌರ್ಜನ್ಯ ತಡೆಗೆ ಅಂತಲೇ ಒಂದು ಮಸೂದೆ ವಿಧಾನಮಂಡಲಕ್ಕೆ ಬಂತು. ಕುರಿ ಕಳ್ಳತನ, ದಾರಿಯಲ್ಲಿ ಹೊಡೆತ, ಬೆದರಿಕೆ, ಇವಕ್ಕೆ ಕಾನೂನು ಬೇಕಿತ್ತು.

ಕಾಡುಪಾಪ:
ಎಲ್ಲ ಕುರಿಗಾಹಿಗಳೂ ಕಾಡಿಗೆ ವೈರಿ ಅಂತ ನಾನು ಹೇಳಿಲ್ಲ. ಕೊಪ್ಪಳದ ಬಯಲಿನ ತೋಳಗಳು ಉಳಿದದ್ದರಲ್ಲಿ ಕುರಿಗಾಹಿಗಳ ಪಾಲೂ ಇದೆ. ಗಂಗಾವತಿ ಹತ್ತಿರ ಬಂಕಾಪುರದಲ್ಲಿ ತೋಳಕ್ಕೇ ಅಂತ ಧಾಮ ಇದೆ. ತೋಳ ಮರಿ ಹೊತ್ತುಕೊಂಡು ಹೋದರೆ ಪರಿಹಾರ ಬೇಗ ಸಿಗಲಿ ಅನ್ನೋದು ನಮ್ಮ ಬೇಡಿಕೆಯೂ ಹೌದು. ಪರಿಹಾರ ತಡವಾದಷ್ಟೂ ತೋಳಕ್ಕೇ ಅಪಾಯ.

ಹೊಲದ ಯಜಮಾನ:
ನಾನು ಮುಂಡಗೋಡ ಕಡೆಯ ರೈತ. ಗೊಬ್ಬರಕ್ಕೆ ಅಂತ ನಮ್ಮ ಗದ್ದೆಯಲ್ಲಿ ಪ್ರತಿ ವರ್ಷ ಕುರಿ ನಿಲ್ಲಿಸ್ತೀವಿ. ಯೂರಿಯಾಕ್ಕೆ ಸಬ್ಸಿಡಿ ಇದೆ, ಕುರಿ ಗೊಬ್ಬರಕ್ಕೆ ನಾವೇ ಕೈಯಿಂದ ಕೊಡಬೇಕು. ಸಾವಯವ ಕೃಷಿಗೆ ಅಂತ ಕೃಷಿ ಇಲಾಖೆಯಲ್ಲಿ ಇರೋ ದುಡ್ಡಲ್ಲಿ ಒಂದು ಪಾಲು ಕುರಿ ನಿಲ್ಲಿಸೋ ರೈತನಿಗೆ ಕೊಡ್ಲಿ, ಕುರಿಗಾಹಿಗೆ ತಾನಾಗೇ ಮರ್ಯಾದೆ ಬರ್ತದೆ. ನಿಮ್ಮ ಪಟ್ಟಿಯಲ್ಲಿ ಕೃಷಿ ಇಲಾಖೆಯೇ ಇಲ್ಲವಲ್ಲ ಹಟ್ಟಿ ಹುಡುಗ?

ಈಗ ಮೊದಲಿನ ಹಾಗೆ ಗದ್ದೆ ಖಾಲಿ ಇರಲ್ಲ ಅನ್ನೋದೂ ನಿಜ. ಬೋರು ಬಂದ ಮೇಲೆ ಎರಡನೇ ಬೆಳೆ, ಕೆಲವು ಕಡೆ ಶುಂಠಿ, ಅಡಿಕೆ. ಕುರಿ ನಿಲ್ಲೋ ಜಾಗ ವರ್ಷ ವರ್ಷ ಕಮ್ಮಿ.

ಹಟ್ಟಿ ಹುಡುಗ:
ಒಳ್ಳೇ ಮಾತು ಹೇಳಿದ್ರಿ ಯಜಮಾನ್ರ. ಕೃಷಿ ಇಲಾಖೆ ನನ್ನ ಕಾಗದದಲ್ಲಿ ಸೇರಿಸಿದೆ. ಪಟ್ಟಿ ಬೆಳೀತಾ ಹೋಗ್ತದೆ, ಕಾಕಾನ ಹಿಂಡು ಮಾತ್ರ ಕಮ್ಮಿ ಆಗ್ತಾ ಬಂದದ.

ಕಂಬಳಿ ನೆಂಟ:
ಎಲ್ಲರೂ ಮಟನ್ ಲೆಕ್ಕದಲ್ಲೇ ಮಾತಾಡ್ತಿದ್ದೀರಿ. ಡೆಕ್ಕನಿ ಕುರಿಯ ಕರಿ ಉಣ್ಣೆ ಈಗ ಕತ್ತರಿಸೋ ಕೂಲಿಗೂ ಸಾಲಲ್ಲ. ಹೊಳೆ ದಂಡೆಯಲ್ಲಿ ಕುರಿ ಮೈತೊಳೆದು ಕತ್ತರಿಸಿ ಉಣ್ಣೆ ಅಲ್ಲೇ ಬಿಟ್ಟು ಹೋಗೋರನ್ನ ನೋಡಿದೀನಿ. ಮೊದಲು ನುಣುಪು ಉಣ್ಣೆ ಬೇಕು ಅಂತ ವಿದೇಶಿ ಮೆರಿನೋ, ರಾಂಬುಲೆ ಟಗರು ತಂದು ಡೆಕ್ಕನಿಗೆ ಕೂಡಿಸಿದ್ರು. ಆಮೇಲೆ ಮಾಂಸ ಬೇಕು ಅಂತ ಉಣ್ಣೆ ಇಲ್ಲದ ಜಾತಿ ತಂದ್ರು. ಕಂಬಳಿ ನೇಯೋನಿಗೆ ಎರಡರಿಂದಲೂ ನಷ್ಟ. ಚಳ್ಳಕೆರೆ, ಮೆಡ್ಲೇರಿ ಕಡೆ ಮಗ್ಗ ಹುಡುಕಿ ನೋಡಿ, ಎಷ್ಟು ಉಳಿದಾವೆ.

ಕುರಿ ಒಂದು ಸಚಿವಾಲಯಕ್ಕೆ, ಅದರ ಮೈಮೇಲಿನ ಉಣ್ಣೆ ಇನ್ನೊಂದಕ್ಕೆ! ಇದಕ್ಕಿಂತ ತಮಾಷೆ ಬೇಕಾ?

ಮಂಡ್ಯ ಟಗರು:
ನಾರಿ ಸುವರ್ಣ ಅನ್ನೋ ಕುರಿ ತಳಿ ಬಗ್ಗೆ ಯಾರಾದ್ರೂ ಹೇಳಿ. ಅವಳಿ ಮರಿ ಹಾಕುತ್ತೆ ಅಂತಾರೆ, ತಗೋಬಹುದಾ?

ನಿವೃತ್ತ ಪಶುವೈದ್ಯ:
ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಸಂಸ್ಥೆಯದು. ಬಂಗಾಳದ ಗರೋಲ್ ಕುರಿಯಲ್ಲಿರುವ ಅವಳಿ ಮರಿಯ ವಂಶವಾಹಿಯನ್ನು ಡೆಕ್ಕನಿಗೆ ತಂದದ್ದು. ಅವಳಿ ಹಾಕುತ್ತದೆ, ನಿಜ. ಆದರೆ ಎರಡು ಮರಿಗೆ ಹಾಲು ಸಾಲಬೇಕಾದರೆ ತಾಯಿಗೆ ಮೇವು ಇರಬೇಕು. ಮನೆಯಲ್ಲಿ ಕಟ್ಟಿ ಮೇಯಿಸುವ ನಿಮಗೆ ಒಳ್ಳೆಯದು. ದಿನಾ ಮೈಲಿಗಟ್ಟಲೆ ನಡೆಯುವವನಿಗೆ ಎರಡೂ ಮರಿಯನ್ನು ಕುದುರೆ ಮೇಲೆ ಹೊರಿಸಬೇಕಾಗುತ್ತದೆ.

ನಿರ್ವಾಹಕ:
ತಳಿ ಚರ್ಚೆಗೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿ ಮುಂದುವರಿಸಿ.

ಅಂಗಳ:
ಒಂದು ವಿಷಯ ಯಾರೂ ಎತ್ತಲಿಲ್ಲ. ನೆರವನ್ನ ಜೋಡಿಸಿದ ಉದಾಹರಣೆ ಮಂಗೋಲಿಯಾದಲ್ಲಿ ಯಾಕೆ ಹುಡುಕಬೇಕು, ನಮ್ಮ ಹಾಲು ಇಲ್ವಾ? 1970ರ ಕ್ಷೀರಕ್ರಾಂತಿಗೆ ಯುರೋಪಿನವರು ದಾನ ಕೊಟ್ಟದ್ದು ಹಾಲಿನ ಪುಡಿ, ಬೆಣ್ಣೆ ಎಣ್ಣೆ. ಪುಕ್ಕಟೆ ಹಂಚಿದ್ದರೆ ನಮ್ಮ ರೈತನ ಹಾಲಿನ ಬೆಲೆ ಬಿದ್ದು ಹೋಗ್ತಿತ್ತು. ಅಮುಲ್ ಕಟ್ಟಿದ ವರ್ಗೀಸ್ ಕುರಿಯನ್ ಅವರು ಅದನ್ನ ಡೇರಿಗಳ ಮೂಲಕ ಮಾರಿಸಿ, ಬಂದ ದುಡ್ಡನ್ನ ಒಂದೇ ನಿಗಮದ ಕೈಗೆ ಕೊಡಿಸಿ, ಅದರಿಂದ ಸಹಕಾರ ಸಂಘ ಕಟ್ಟಿಸಿದರು. ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕ್ ಸಾಲದಿಂದ ಡೇರಿ ನಿಗಮ, 1984ರಲ್ಲಿ ಅದೇ ಕೆಎಂಎಫ್. ಕೊಡೋರು ಎಷ್ಟೇ ಜನ ಇರಲಿ, ತಗೊಳ್ಳೋ ಕೈ ಒಂದೇ, ಅದೂ ಹಾಲು ಹಾಕೋರದ್ದು. ಕುರಿಗೆ ಅಂಥ ಮಹಾಮಂಡಳಿ ಒಂದು ಗಟ್ಟಿಯಾಗಿ ನಿಂತರೆ ಸಾಕು.

ಲೆಕ್ಕಪತ್ರ:
ಹಾಲು ದಿನಾ ಎರಡು ಹೊತ್ತು ಸಂಘಕ್ಕೆ ಬರುತ್ತೆ, ವಾರಕ್ಕೊಮ್ಮೆ ಬಟವಾಡೆ ಆಗುತ್ತೆ. ಅದಕ್ಕೇ ಸಂಘ ಬದುಕಿದೆ. ಕುರಿ ಮಾರೋದು ಹಬ್ಬಕ್ಕೋ ಮದುವೆಗೋ ಕಷ್ಟಕ್ಕೋ. ಅಮೀನಗಡ ಸಂತೆಯಲ್ಲಿ ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮುರಿದ ತಕ್ಷಣ ನಗದು ಕೈಗೆ. ಸಂಘಕ್ಕೆ ತಂದು ತೂಕ ಹಾಕಿಸಿ ಹದಿನೈದು ದಿನ ಕಾಯಿರಿ ಅಂದ್ರೆ ಯಾವ ಕುರಿಗಾಹಿ ಬರ್ತಾನೆ?

ಅಂಗಳ:
ಅದೇ ದಲ್ಲಾಳಿ ಬರಗಾಲದಲ್ಲಿ ಏನು ರೇಟು ಕೊಡ್ತಾನೆ, ಅದನ್ನೂ ಹೇಳಿ.

ದೂರದೂರ:
ಬರದಲ್ಲಿ ವ್ಯಾಪಾರಿಯನ್ನೇ ಬಳಸಿಕೊಂಡ ಉದಾಹರಣೆ ಇದೆ. ಇಥಿಯೋಪಿಯಾದ ದಕ್ಷಿಣ ಗಡಿಯ ಮೊಯಾಲೆ ಕಡೆ 2006ರ ಬರದಲ್ಲಿ ಸರ್ಕಾರ ಮತ್ತು ನೆರವು ಸಂಸ್ಥೆ ಸೇರಿ ಖಾಸಗಿ ದನದ ವ್ಯಾಪಾರಿಗಳನ್ನ ಹಳ್ಳಿಗೆ ಕರೆತಂದವು, ಅವರಿಗೆ ಸಾಲ ಕೊಡಿಸಿದವು. ದನ ಇನ್ನೂ ನಡೆಯೋ ಸ್ಥಿತಿಯಲ್ಲಿ ಇರುವಾಗಲೇ ಸುಮಾರು 20,000 ದನ ಮಾರಾಟವಾಯ್ತು. ಬಂದ ದುಡ್ಡಲ್ಲಿ ಜನ ಊಟಕ್ಕೂ ಉಳಿದ ದನದ ಮೇವಿಗೂ ಹಾಕಿದರು. ಹುಲ್ಲು ಲಾರಿಯಲ್ಲಿ ಸಾಗಿಸೋದಕ್ಕಿಂತ ಇದು ಎಷ್ಟೋ ಅಗ್ಗ. ನಮ್ಮಲ್ಲಿ ಬರ ಅಂತ ಘೋಷಿಸೋ ಹೊತ್ತಿಗೆ ಕುರಿ ಮಾರಿ ಮುಗಿದಿರುತ್ತೆ.

ಕೃಷ್ಣಾ ತೀರ:
ಘೋಷಣೆ ಆದ ಮ್ಯಾಲ ಗೋಶಾಲೆ ತೆರೀತಾರ. ಗೋವಿಗೆ. ನಮ್ಮ ಕುರಿ ಬಾಗಲದಾಗ ನಿಂತ ನೋಡತಾವ.

ಒಗ್ಗರಣೆ:
ಕುರಿಶಾಲೆ ಅಂತ ಬೋರ್ಡು ಹಾಕಿದ್ರೆ ಜನ ಸರ್ಕಾರಿ ಸ್ಕೂಲು ಅಂತ ಮಕ್ಕಳನ್ನ ಸೇರಿಸಿಬಿಟ್ಟಾರು.

ನಿವೃತ್ತ ಪಶುವೈದ್ಯ:
ಮಹಾಮಂಡಳಿ, ಮಂಗೋಲಿಯಾ ಎಲ್ಲ ಇರಲಿ. ನನಗೆ ಅಧಿಕಾರ ಕೊಟ್ಟರೆ ಮಾಡುವುದು ಒಂದೇ. ಕಿವಿಗೆ ಹಾಕುವ 12 ಅಂಕಿಯ ಓಲೆ ಈಗಾಗಲೇ ಇದೆ, ಕೇಂದ್ರದ ಜಾನುವಾರು ದಾಖಲೆಯ ಆನ್‌ಲೈನ್ ವ್ಯವಸ್ಥೆ ಭಾರತ್ ಪಶುಧನ್‌ನಲ್ಲಿ ಅದರ ದಾಖಲೆ ದೇಶದಲ್ಲಿ ಎಲ್ಲಿಂದಲೂ ನೋಡಬಹುದು. ಓಲೆ ಇರುವ ಕುರಿ ಯಾವ ತಾಲ್ಲೂಕಿನಲ್ಲಿ ಸತ್ತರೂ ಅಲ್ಲಿಯ ವೈದ್ಯ ಬರೆದದ್ದು ನಡೆಯಬೇಕು, ದುಡ್ಡು ಊರಿನ ಖಾತೆಗೆ ಹೋಗಬೇಕು. ಒಂದು ಪುಟದ ಸುತ್ತೋಲೆ ಸಾಕು, ಹೊಸ ನಿಗಮ ಬೇಡ. ವಲಸೆ ಹೊರಡುವ ಮುಂಚೆ ಊರಲ್ಲೇ ಪಿಪಿಆರ್, ಕರುಳುಬೇನೆ ಲಸಿಕೆ ಮುಗಿಸಿ ಮುಂದಿನ ತಾಲ್ಲೂಕಿಗೆ ಹಿಂಡಿನ ಸುದ್ದಿ ಕಳಿಸಬೇಕು. 2024ರ ಅಕ್ಟೋಬರ್‌ನಲ್ಲಿ ಶುರುವಾದ 21ನೇ ಗಣತಿಯಲ್ಲಿ ಮೊದಲ ಬಾರಿಗೆ ಅಲೆಮಾರಿ ಪಶುಪಾಲಕರನ್ನು ಬೇರೆಯಾಗಿ ಎಣಿಸಿದ್ದಾರೆ. ಆ ಪಟ್ಟಿ ಕೈಗೆ ಬಂದರೆ ಅರ್ಧ ಕೆಲಸ ಮುಗಿಯಿತು.

ಶಿರಾ ಸೀಮೆ:
ಓಲೆ ಬೇಲಿಗೆ ಸಿಕ್ಕಿ ಕಿವಿ ಹರಿದು ಬಿದ್ದೋಗುತ್ತೆ ಡಾಕ್ಟ್ರೇ. ಜಾಲಿ ಮುಳ್ಳಲ್ಲಿ ಮೇಯೋ ಕುರಿಗೆ ಎಷ್ಟು ದಿನ ನಿಲ್ಲುತ್ತೆ ಅದು? ಅಲ್ದೆ ನಮ್ಮೋರಿಗೆ ಒಂದು ಭಯ, ಎಣಿಸಿದ್ರೆ ತೆರಿಗೆ ಹಾಕ್ತಾರೆ ಅಂತ.

ನಿವೃತ್ತ ಪಶುವೈದ್ಯ:
ಬೀಳುತ್ತದೆ, ಒಪ್ಪಿದೆ. ಕಿವಿಯ ಮಧ್ಯದಲ್ಲಿ, ರಕ್ತನಾಳ ತಪ್ಪಿಸಿ ಹಾಕಿದರೆ ಬೀಳುವುದು ಕಮ್ಮಿ. ಅಂಚಿಗೆ ಹಾಕಿ ಓಡುವವರೇ ಜಾಸ್ತಿ. ಭಯದ ಮಾತಿಗೆ ನನ್ನಲ್ಲಿ ಔಷಧಿ ಇಲ್ಲ. ಒಂದು ಸಲ ಪರಿಹಾರದ ದುಡ್ಡು ದಾರಿಯಲ್ಲೇ ಸಿಕ್ಕರೆ ಹಟ್ಟಿಯಿಂದ ಹಟ್ಟಿಗೆ ಸುದ್ದಿ ತಾನಾಗಿ ಹೋಗುತ್ತದೆ.

ಹಟ್ಟಿ ಹುಡುಗ:
ಈ ಸುತ್ತೋಲೆ ಮಾತು ಹಿಡ್ಕೊಂಡು ಅರ್ಜಿ ಬರೀತೀನಿ. ಓಲೆ, ಯಾವ ತಾಲ್ಲೂಕಿನ ವೈದ್ಯರಾದ್ರೂ ಬರೆಯೋದು, ಕೃಷಿ ಇಲಾಖೆಯ ಗೊಬ್ಬರದ ದುಡ್ಡು. ಈ ಮೂರೇ. ಕರಡು ಇಲ್ಲೇ ಹಾಕ್ತೀನಿ, ತಿದ್ರಿ.

ಕಂಬಳಿ ನೆಂಟ:
ಉಣ್ಣೆ?

ಹಟ್ಟಿ ಹುಡುಗ:
ಉಣ್ಣೆಗೆ ಬೇರೆ ಅರ್ಜಿ ಅಣ್ಣಾ, ಅದು ಜೋಧಪುರದವರೆಗೆ ಹೋಗ್ಬೇಕು.

ಶಿರಾ ಸೀಮೆ:
ಡಾಕ್ಟ್ರೇ, ಅದಿರ್ಲಿ, ದಾರೀಲಿ ಹುಟ್ಟಿದ ಮರಿಗೆ ಪಿಪಿಆರ್ ಯಾವಾಗ ಹಾಕಿಸ್ಬೇಕು?

ನಿವೃತ್ತ ಪಶುವೈದ್ಯ:
ಮೂರು–ನಾಲ್ಕು ತಿಂಗಳು ತುಂಬಿದ ಮೇಲೆ. ಆ ಹೊತ್ತಿಗೆ ನೀವು ಎಲ್ಲಿದ್ದೀರೋ ಅಲ್ಲಿಯ ಆಸ್ಪತ್ರೆಗೆ ಹಿಂದಿನ ದಿನವೇ ಹೇಳಿ. ಇಲ್ಲದಿದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ವಿಚಾರಿಸಿ. ನೂರು ಡೋಸಿನ ಸೀಸೆಯನ್ನು ಹತ್ತು ಮರಿಗೆ ಅಂತ ಯಾರೂ ಒಡೆಯುವುದಿಲ್ಲ, ಹತ್ತಿರದ ಹಟ್ಟಿಯವರನ್ನೂ ಸೇರಿಸಿಕೊಳ್ಳಿ.

ಹೊಲದ ಯಜಮಾನ:
ಮುಂಡಗೋಡ ಕಡೆ ಬಂದವರು ಹೇಳಿ, ಲಸಿಕೆ ಒಂದು ರಾತ್ರಿ ಇಡೋಕೆ ನಮ್ಮನೆ ಫ್ರಿಜ್ ಇದೆ.

ಒಗ್ಗರಣೆ:
ಕುರಿಗಾಹಿ ಬರೋ ಮುಂಚೆ ಅದರಲ್ಲಿರೋ ಮಟನ್ ಖಾಲಿ ಮಾಡಿ ಯಜಮಾನ್ರೇ.